ಮಾತು ಕೈಬದಲಾಗುವ ಸ್ಥಳ: ಹೊರದೇಶಗಳೊಡನೆ ವ್ಯವಹಾರ ಮತ್ತು ಸಂವಹನದ ಸಮಸ್ಯೆ

ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಿಂದ ಹೊರಟು ದೊಡ್ಡಬಳ್ಳಾಪುರ, ದೇವನಹಳ್ಳಿಗಳನ್ನು ಹಾಯ್ದು ಹೊಸಕೋಟೆಯನ್ನು ಸೇರುವ ಹೆದ್ದಾರಿಯೊಂದಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳನ್ನು ದಾರದಲ್ಲಿ ಪೋಣಿಸಿದಂತೆ ಜೋಡಿಸಿರುವ ಈ ರಸ್ತೆಯ ಇಕ್ಕೆಲಗಳಲ್ಲಿ ಒಂದು ತಲೆಮಾರಿನ ಹಿಂದೆ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ದ್ರಾಕ್ಷಿಯ ಚಪ್ಪರಗಳೇ ಹೆಚ್ಚಾಗಿ ಕಾಣುತ್ತಿದ್ದವು. ಇಂದು ಅವುಗಳ ನಡುನಡುವೆ ಕಾರ್ಖಾನೆಗಳ ಎತ್ತರವಾದ ಗೋಡೆಗಳೆದ್ದಿವೆ. 1998ರಲ್ಲಿ ಸ್ವೀಡನ್ ದೇಶದ ವೋಲ್ವೋ ಸಂಸ್ಥೆಯು ಹೊಸಕೋಟೆಯ ಬಳಿ ಲಾರಿಗಳ ತಯಾರಿಕೆಯನ್ನು ಆರಂಭಿಸಿತು. 2008ರ ಮೇ 24ರಂದು ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿತು. 2023ರಲ್ಲಿ ತೈವಾನಿನ ಫಾಕ್ಸ್‌ಕಾನ್ ಸಂಸ್ಥೆಗೆ ದೇವನಹಳ್ಳಿ ಮತ್ತು ದೊಡ್ಡಬಳ್ಳಾಪುರಗಳ ನಡುವಣ ಕೈಗಾರಿಕಾ ವಲಯದಲ್ಲಿ 300 ಎಕರೆ ಭೂಮಿ ದೊರೆಯಿತು. 2024ರ ಜನವರಿಯಲ್ಲಿ ಅಮೆರಿಕದ ಬೋಯಿಂಗ್ ಸಂಸ್ಥೆಯ 43 ಎಕರೆ ವಿಸ್ತಾರದ ತಾಂತ್ರಿಕ ಕೇಂದ್ರವು ದೇವನಹಳ್ಳಿಯ ಸಮೀಪ ಉದ್ಘಾಟನೆಗೊಂಡಿತು.

ಹೊರದೇಶದ ವ್ಯಾಪಾರವು ಈ ನೆಲಕ್ಕೆ ಹೊಸತೇನೂ ಅಲ್ಲ. ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮಸ್ಕತ್ತಿನಲ್ಲಿ ತನ್ನ ವ್ಯಾಪಾರದ ಕೋಠಿಯನ್ನು ನಡೆಸಿ, ಅಲ್ಲಿನ ಪ್ರತಿನಿಧಿಗಳ ಮೂಲಕ ಮೈಸೂರು ಸೀಮೆಯ ಶ್ರೀಗಂಧ, ಮೆಣಸುಗಳನ್ನು ಮಾರಿಸುತ್ತಿದ್ದನು. ಆದರೆ ಅಂದು ಪರದೇಶದವರೊಡನೆ ಮಾತನಾಡುತ್ತಿದ್ದವರು ಅರಮನೆಯ ಪ್ರತಿನಿಧಿಗಳು ಮಾತ್ರ. ಇಂದು ಸಾಮಾನ್ಯ ರೈತನ ಮಗ, ನೇಕಾರನ ಮಗಳು, ಈ ಬಗೆಯ ಶಾಲೆಗಳಲ್ಲಿ ಓದಿದ ಸಾವಿರಾರು ತರುಣ ತರುಣಿಯರು ಪ್ರತಿದಿನವೂ ಪರದೇಶದವರ ಆದೇಶವನ್ನು ಕೇಳಿ ಕೆಲಸ ಮಾಡಬೇಕಾಗಿದೆ, ಅಥವಾ ಅವರ ಆದೇಶವನ್ನು ಇತರರಿಗೆ ತಿಳಿಸಬೇಕಾಗಿದೆ. ಆದುದರಿಂದ ಸಂಸ್ಕೃತಿಗಳ ನಡುವಣ ಸಂವಹನವೆಂಬುದು ದೊಡ್ಡ ವ್ಯಾಪಾರಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ. ಅದು ಶಾಲೆಯ ಪಾಠದ ವಿಷಯವೂ ಆಗಿದೆ.

ಇಂಗ್ಲಿಷ್ ಭಾಷೆಯನ್ನು ಕಲಿತರೆ ಈ ಸಮಸ್ಯೆ ತಾನಾಗಿ ಬಗೆಹರಿಯುವುದೆಂಬ ನಂಬಿಕೆ ಪೋಷಕರಲ್ಲಿ ವ್ಯಾಪಕವಾಗಿದೆ. ಇಂಗ್ಲಿಷಿನ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಜಿಲ್ಲೆಯ ಮತ್ತು ಅದರ ನೆರೆಹೊರೆಯ ಕಳೆದ ಮೂರು ದಶಕಗಳ ಅನುಭವವನ್ನು ಪರಿಶೀಲಿಸಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ಬಹಳಷ್ಟು ಅಪಾರ್ಥಗಳು ಭಾಷೆ ಬಾರದುದರಿಂದ ಹುಟ್ಟಿದವಲ್ಲ; ಮಾತು ಒಬ್ಬರಿಂದ ಇನ್ನೊಬ್ಬರಿಗೆ ಕೈಬದಲಾಗುವ ಸ್ಥಳದಲ್ಲಿ ಹುಟ್ಟಿದವು. ಈ ಸಂಗತಿಯನ್ನು ಕೆಲವು ನಿದರ್ಶನಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನುಡಿದದ್ದು ಮತ್ತು ತಿಳಿದದ್ದು

ಪ್ರತಿಯೊಂದು ಭಾಷೆಯಲ್ಲಿಯೂ ನುಡಿದ ಮಾತಿಗಿಂತ ನುಡಿಯದೆ ಬಿಟ್ಟ ಮಾತಿನ ಭಾರ ಹೆಚ್ಚಾಗಿರುವ ಸಂದರ್ಭಗಳುಂಟು. ಕನ್ನಡಿಗನು ಮನೆಯಿಂದ ಹೊರಡುವಾಗ ‘ಬರುತ್ತೇನೆ’ ಎನ್ನುತ್ತಾನೆ. ಅದರ ಅರ್ಥ ‘ಹೋಗುತ್ತೇನೆ’ ಎಂದೇ. ಹಿರಿಯರು ಕೇಳಿದುದನ್ನು ಕೊಡಲಾಗದಿದ್ದಾಗ ‘ಇಲ್ಲ’ ಎನ್ನುವುದು ಅವಿನಯವೆಂದು ಭಾವಿಸಿ ‘ನೋಡೋಣ’ ಎನ್ನುತ್ತಾನೆ. ಕೇಳಿದವನು ಕನ್ನಡಿಗನಾದರೆ ಇದು ನಯವಾದ ನಿರಾಕರಣೆಯೆಂದು ತಿಳಿದುಕೊಳ್ಳುತ್ತಾನೆ; ಹೊರಗಿನವನಾದರೆ ಮರುದಿನ ಮತ್ತೆ ಬಂದು ಕೇಳುತ್ತಾನೆ. ‘ಹೂಂ’ ಎಂಬ ಒಂದಕ್ಷರವು ಕೆಲವೊಮ್ಮೆ ಒಪ್ಪಿಗೆಯನ್ನೂ, ಹಲವು ಬಾರಿ ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದುವರಿಸಿ’ ಎಂಬುದನ್ನೂ ಸೂಚಿಸುತ್ತದೆ. ತಲೆಯನ್ನು ಅತ್ತಿತ್ತ ತೂಗಿ ಒಪ್ಪಿಗೆ ಸೂಚಿಸುವ ವಾಡಿಕೆಯನ್ನು ಮೊದಲ ಸಲ ಕಂಡ ಯೂರೋಪಿಯನ್ನನು ಅದನ್ನು ನಿರಾಕರಣೆಯೆಂದೇ ಬಗೆಯುವುದುಂಟು.

ಕುತೂಹಲದ ಸಂಗತಿಯೆಂದರೆ ಜಪಾನೀಯರಲ್ಲಿಯೂ ಇಂಥದೇ ವಾಡಿಕೆಯಿದೆ. ಅವರು ಮಾತಿನ ನಡುವೆ ಹೇಳುವ ‘ಹಾಯ್’ ಎಂಬ ಪದಕ್ಕೆ ‘ಹೌದು’ ಎಂಬ ಅರ್ಥವಿದ್ದರೂ ಅದು ಅನೇಕ ವೇಳೆ ‘ಕೇಳುತ್ತಿದ್ದೇನೆ’ ಎಂಬ ಸೂಚನೆ ಮಾತ್ರವಾಗಿರುತ್ತದೆ. ‘ಪರಿಶೀಲಿಸುತ್ತೇವೆ’ ಎಂಬ ಅವರ ಉತ್ತರ ಬಹುಮಟ್ಟಿಗೆ ನಮ್ಮ ‘ನೋಡೋಣ’ದ ಸೋದರ. ಹೀಗಿದ್ದರೂ ಒಬ್ಬ ಕನ್ನಡಿಗ ಮತ್ತು ಒಬ್ಬ ಜಪಾನೀಯ ಇಂಗ್ಲಿಷಿನಲ್ಲಿ ವ್ಯವಹರಿಸುವಾಗ ಇಬ್ಬರೂ ‘ಎಸ್’ ಎಂಬ ಪದವನ್ನು ಬಳಸಿ, ಇಬ್ಬರೂ ಬೇರೆ ಬೇರೆ ಅರ್ಥದೊಡನೆ ಹಿಂದಿರುಗುವುದು ಸಾಧ್ಯ. ಭಾಷೆ ಒಂದೇ ಆಯಿತು, ತಿಳಿವಳಿಕೆ ಒಂದಾಗಲಿಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಪ್ರಕಟಿಸಿದ ‘ಬಿಯಾಂಡ್ ಕಲ್ಚರ್’ ಎಂಬ ಗ್ರಂಥದಲ್ಲಿ ಈ ಭೇದವನ್ನು ವಿವರಿಸಿದ್ದಾನೆ. ಕೆಲವು ಸಮಾಜಗಳಲ್ಲಿ ಅರ್ಥದ ಬಹುಪಾಲು ಸಂದರ್ಭದಲ್ಲಿ, ಸಂಬಂಧದಲ್ಲಿ, ಮೌನದಲ್ಲಿ ಅಡಗಿರುತ್ತದೆ. ಇನ್ನು ಕೆಲವು ಸಮಾಜಗಳಲ್ಲಿ ಅದನ್ನು ಪದಗಳಲ್ಲಿಯೇ ಬಿಡಿಸಿ ಹೇಳಬೇಕೆಂಬ ನಿರೀಕ್ಷೆಯಿರುತ್ತದೆ. ಜಪಾನ್ ಮೊದಲನೆಯದಕ್ಕೂ ಜರ್ಮನಿ ಎರಡನೆಯದಕ್ಕೂ ಉದಾಹರಣೆ. ಹಾಲೆಂಡಿನ ಗೀರ್ಟ್ ಹಾಫ್‌ಸ್ಟೆಡ್ ಐಬಿಎಂ ಸಂಸ್ಥೆಯ ನಾನಾ ದೇಶಗಳ ನೌಕರರ ಉತ್ತರಗಳನ್ನು ಪರಿಶೀಲಿಸಿ 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಅಧಿಕಾರದ ಅಂತರ’ ಎಂಬ ಅಳತೆಯನ್ನು ರೂಪಿಸಿದನು. ಮೇಲಿನವರ ಮತ್ತು ಕೆಳಗಿನವರ ನಡುವಣ ಅಂತರವನ್ನು ಜನ ಎಷ್ಟರಮಟ್ಟಿಗೆ ಸಹಜವೆಂದು ಒಪ್ಪಿಕೊಂಡಿದ್ದಾರೆಂಬುದನ್ನು ತಿಳಿಸುವ ಈ ಅಳತೆಯಲ್ಲಿ ಭಾರತಕ್ಕೆ 77, ಜಪಾನಿಗೆ 54, ಸ್ವೀಡನ್ನಿಗೆ 31 ಅಂಕಗಳು. ಸ್ವೀಡನ್ನಿನಲ್ಲಿ 1960ರ ದಶಕದ ಕೊನೆಯ ವೇಳೆಗೆ ಗೌರವವಾಚಕ ಸಂಬೋಧನೆಗಳನ್ನು ಕೈಬಿಟ್ಟು ಎಲ್ಲರನ್ನೂ ಏಕವಚನದಲ್ಲಿ ಕರೆಯುವ ರೂಢಿ ಬೇರೂರಿತು. ಹಿರಿಯರನ್ನು ‘ನೀವು’ ಎಂದೇ ಕರೆಯಬೇಕೆಂದು ಕಲಿತು ಬೆಳೆದ ತರುಣನಿಗೆ ಅಂಥ ದೇಶದ ಮೇಲಧಿಕಾರಿಯನ್ನು ಬರಿಯ ಹೆಸರಿನಿಂದ ಕರೆಯುವುದು ಸುಲಭವಲ್ಲ. ಅವರ ತಪ್ಪನ್ನು ಅವರೆದುರೇ ಎತ್ತಿ ತೋರಿಸುವುದಂತೂ ಇನ್ನೂ ಕಠಿಣ.

ಆದರೆ ಈ ಅಂಕಗಳನ್ನು ಎಚ್ಚರದಿಂದ ಬಳಸಬೇಕು. ಅವು ದೇಶಗಳ ಸರಾಸರಿಗಳೇ ಹೊರತು ವ್ಯಕ್ತಿಗಳ ಚಿತ್ರಗಳಲ್ಲ. ‘ಜಪಾನೀಯರು ಹೀಗೆ, ಜರ್ಮನರು ಹಾಗೆ’ ಎಂದು ಮೊದಲೇ ತೀರ್ಮಾನಿಸಿಕೊಂಡು ಹೋಗುವವನು ಏನೂ ಅರಿಯದವನಿಗಿಂತ ಹೆಚ್ಚಾಗಿ ಎಡವುತ್ತಾನೆ.

ಹೆಸರು, ಅಂಕಿ ಮತ್ತು ದಿನಾಂಕ

ಸಂಸ್ಕೃತಿಭೇದವೆಂದೊಡನೆ ಉಡುಗೆ, ಊಟ, ಉಪಚಾರಗಳು ನೆನಪಿಗೆ ಬರುತ್ತವೆ. ವ್ಯವಹಾರದಲ್ಲಿ ನಿಜವಾದ ನಷ್ಟವನ್ನುಂಟುಮಾಡುವ ಭೇದಗಳು ಇವುಗಳಿಗಿಂತ ಚಿಕ್ಕವು. 03–04 ಎಂದು ಬರೆದ ದಿನಾಂಕ ಭಾರತೀಯನಿಗೆ ಏಪ್ರಿಲ್ 3. ಅಮೆರಿಕದವನಿಗೆ ಮಾರ್ಚ್ 4. ಹತ್ತು ಲಕ್ಷವನ್ನು ಇಲ್ಲಿ 10,00,000 ಎಂದೂ ಹೊರಗೆ 1,000,000 ಎಂದೂ ಬರೆಯುತ್ತಾರೆ; ಜರ್ಮನಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮವನ್ನೂ ಸಾವಿರಕ್ಕೆ ಚುಕ್ಕಿಯನ್ನೂ ಬಳಸುವುದರಿಂದ 1.500 ಎಂಬುದು ಅವರಿಗೆ ಒಂದೂವರೆಯಲ್ಲ, ಒಂದು ಸಾವಿರದ ಐನೂರು. ಅವಸರದಲ್ಲಿ ಓದಿದ ಒಂದು ಚುಕ್ಕಿಯಿಂದ ಸರಕಿನ ತೂಕವೇ ತಪ್ಪಬಹುದು.

ಹೆಸರಿನ ತೊಡಕು ಇನ್ನೂ ವಿಶಿಷ್ಟವಾದುದು. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟು ತನ್ನ ಹೆಸರನ್ನು ಬರೆಯುವುದು ವಾಡಿಕೆ. ಮನೆತನದ ಹೆಸರು ಹಲವರಿಗೆ ಇರುವುದೇ ಇಲ್ಲ. ಹೊರದೇಶದ ಅರ್ಜಿಗಳಾದರೋ ಮನೆತನದ ಹೆಸರಿನ ಅಂಕಣವನ್ನು ಖಾಲಿ ಬಿಡಲು ಒಪ್ಪುವುದಿಲ್ಲ. ಆಗ ಒಬ್ಬನೇ ವ್ಯಕ್ತಿ ಶಾಲೆಯ ಪ್ರಮಾಣಪತ್ರದಲ್ಲಿ ಒಂದು ಬಗೆಯಾಗಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆಯಾಗಿ, ಬ್ಯಾಂಕಿನಲ್ಲಿ ಮತ್ತೊಂದು ಬಗೆಯಾಗಿ ದಾಖಲಾಗುತ್ತಾನೆ. ಪ್ರವೇಶ ಪುಸ್ತಕದಲ್ಲಿ ಮಗುವಿನ ಹೆಸರನ್ನು ಬರೆಯುವ ಶಿಕ್ಷಕರ ಕೈಯಲ್ಲಿ ಇಪ್ಪತ್ತು ವರ್ಷಗಳ ಅನಂತರದ ಒಂದು ತೊಡಕನ್ನು ತಪ್ಪಿಸುವ ಶಕ್ತಿಯಿದೆ ಎಂಬುದನ್ನು ಮರೆಯಬಾರದು.

ಇಂಥ ತೊಡಕುಗಳನ್ನು ವ್ಯಾಪಾರಿಗಳು ಬಹುಹಿಂದೆಯೇ ಕಂಡುಕೊಂಡಿದ್ದರು. ‘ಸರಕನ್ನು ತಲುಪಿಸುವುದು’ ಎಂದರೆ ಒಬ್ಬನಿಗೆ ಹಡಗಿಗೇರಿಸುವುದು, ಇನ್ನೊಬ್ಬನಿಗೆ ಕೊಳ್ಳುವವನ ಉಗ್ರಾಣಕ್ಕೆ ಮುಟ್ಟಿಸುವುದು. ಈ ಜಗಳವನ್ನು ನಿವಾರಿಸಲು ಪ್ಯಾರಿಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯು 1936ರಲ್ಲಿ ವ್ಯಾಪಾರದ ಪದಗಳ ಅರ್ಥವನ್ನು ನಿಗದಿಪಡಿಸಿ ‘ಇನ್‌ಕೋಟರ್ಮ್ಸ್’ ಎಂಬ ಪಟ್ಟಿಯನ್ನು ಪ್ರಕಟಿಸಿತು. ಅದರ 2020ರ ಆವೃತ್ತಿಯಲ್ಲಿ 11 ಪದಗಳಿವೆ. ಅವುಗಳಲ್ಲಿ ಒಂದಾದ ‘ಸಿಐಎಫ್’ ಎಂಬುದರ ಪ್ರಕಾರ ಕೊಳ್ಳುವವನ ಬಂದರಿನವರೆಗಿನ ಹಡಗಿನ ಬಾಡಿಗೆ ಮತ್ತು ವಿಮೆಯ ವೆಚ್ಚ ಮಾರುವವನದು; ಆದರೆ ಸರಕು ಹಡಗಿಗೇರಿದ ಕ್ಷಣದಿಂದಲೇ ಹಾನಿಯ ಹೊಣೆ ಕೊಳ್ಳುವವನದು. ಇದನ್ನು ಅರಿಯದೆ ಸಹಿ ಮಾಡಿದವರು ಇಂಗ್ಲಿಷ್ ಬಲ್ಲವರೇ ಆಗಿದ್ದರೂ ನಷ್ಟಕ್ಕೊಳಗಾಗುತ್ತಾರೆ. ಅರ್ಥವನ್ನು ಮೊದಲೇ ಗೊತ್ತುಪಡಿಸಿಕೊಳ್ಳದೆ ವ್ಯವಹಾರಕ್ಕಿಳಿಯಬಾರದೆಂಬುದೇ ಈ ಪಟ್ಟಿ ಕಲಿಸುವ ಪಾಠ.

ಹೊಲದಿಂದ ಹಡಗಿನವರೆಗೆ

ಈ ಬಗೆಯ ಪಾಠ ಕಚೇರಿಗಳಲ್ಲಿ ಮಾತ್ರವಲ್ಲ, ಹೊಲಗಳಲ್ಲಿಯೂ ದೊರೆಯುತ್ತದೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದ ಬಯಲುಸೀಮೆಯಲ್ಲಿ ಮಿಡಿಸೌತೆಯ ಬೇಸಾಯ ಮೊದಲಾಯಿತು. ಬೆಳೆದ ರೈತನ ಮನೆಯಲ್ಲಿ ಇದರ ಅಡುಗೆಯಿಲ್ಲ. ಇದು ಯೂರೋಪು, ಅಮೆರಿಕಗಳ ಊಟದ ಮೇಜಿನ ಉಪ್ಪಿನಕಾಯಿಗಾಗಿ ಬೆಳೆಯುವ ಕಾಯಿ. ಕಂಪನಿಗಳು ಬೀಜ, ಗೊಬ್ಬರ, ಸಲಹೆಗಳನ್ನು ಒದಗಿಸಿ ಮೊದಲೇ ಬೆಲೆಯನ್ನು ಗೊತ್ತುಪಡಿಸಿ ರೈತರೊಡನೆ ಕರಾರು ಮಾಡಿಕೊಳ್ಳುತ್ತವೆ. ಕೇಂದ್ರ ಸರ್ಕಾರದ ಅಂಕಿಅಂಶಗಳ ಪ್ರಕಾರ 2020–21ರಲ್ಲಿ ಭಾರತದಿಂದ 2,23,515 ಟನ್ ಸೌತೆ ಮತ್ತು ಮಿಡಿಸೌತೆ ರಫ್ತಾಯಿತು. ಕರ್ನಾಟಕ ಮತ್ತು ನೆರೆಯ ರಾಜ್ಯಗಳ ಸುಮಾರು 90,000 ಸಣ್ಣ ಮತ್ತು ಅತಿಸಣ್ಣ ರೈತರು ಈ ಕರಾರಿನ ಬೇಸಾಯದಲ್ಲಿ ತೊಡಗಿದ್ದರು.

ಈ ಬೆಳೆಯಲ್ಲಿ ಎರಡು ಸಂಗತಿಗಳು ರೈತನ ಸಹಜ ತಿಳಿವಳಿಕೆಗೆ ವಿರುದ್ಧವಾದುವು. ಮೊದಲನೆಯದು ಗಾತ್ರ. ಕಾಯಿ ದಪ್ಪಗಾದಷ್ಟೂ ಬೆಲೆ ಹೆಚ್ಚೆಂಬುದು ನಮ್ಮ ಸಂತೆಯ ನಿಯಮ. ಮಿಡಿಸೌತೆಯಲ್ಲಿ ಚಿಕ್ಕ ಕಾಯಿಗೇ ಹೆಚ್ಚು ಬೆಲೆ; ಒಂದು ಕಿಲೋಗ್ರಾಮಿಗೆ ಎಷ್ಟು ಕಾಯಿ ತೂಗುತ್ತದೆಂಬ ಲೆಕ್ಕದಿಂದ ದರ್ಜೆಯನ್ನು ನಿರ್ಧರಿಸುತ್ತಾರೆ. ಒಂದು ದಿನ ಕೊಯ್ಲು ತಪ್ಪಿದರೆ ಕಾಯಿ ಬಲಿತು ದರ್ಜೆ ಇಳಿಯುತ್ತದೆ. ಹಬ್ಬವಿರಲಿ, ಮದುವೆಯಿರಲಿ, ಬಳ್ಳಿ ಕಾಯುವುದಿಲ್ಲ.

ಎರಡನೆಯದು ಒಂದು ಪದಕ್ಕೆ ಸಂಬಂಧಿಸಿದುದು. ಕೀಟನಾಶಕವನ್ನು ನಮ್ಮ ರೈತರು ‘ಔಷಧಿ’ ಎಂದೇ ಕರೆಯುತ್ತಾರೆ. ಔಷಧಿಯೆಂದರೆ ಕಾಯಿಲೆಯನ್ನು ವಾಸಿಮಾಡುವ ವಸ್ತು. ಅದನ್ನು ಹೊಡೆಯುವುದು ಬೆಳೆಗೆ ಮಾಡುವ ಆರೈಕೆ. ಹೊರದೇಶದ ಗಿರಾಕಿಗಾದರೋ ಅದು ವಿಷ. ಕಾಯಿಯಲ್ಲಿ ಅದರ ಶೇಷ ಎಷ್ಟು ಉಳಿಯಬಹುದೆಂಬುದಕ್ಕೆ ಅವನ ದೇಶದಲ್ಲಿ ಕಟ್ಟುನಿಟ್ಟಾದ ಮಿತಿಯಿದೆ. ಆ ಮಿತಿಯ ವಿಷಯ ಕಂಪನಿಯ ಕಾಗದಪತ್ರಗಳಲ್ಲಿ ಇಂಗ್ಲಿಷಿನಲ್ಲಿ ನಿಖರವಾಗಿಯೇ ಇರುತ್ತದೆ. ಆದರೆ ಅದು ರೈತನನ್ನು ತಲುಪುವುದು ಕ್ಷೇತ್ರ ಸಹಾಯಕನ ಬಾಯಿಂದ. ಅವನು ‘ಈ ಔಷಧಿ ಬೇಡ’ ಎಂದಷ್ಟೇ ಹೇಳಿ ಹೋದರೆ, ರೈತನು ಅದು ಸತ್ತ್ವವಿಲ್ಲದ ಔಷಧಿಯೆಂದು ಭಾವಿಸಿ ಅದಕ್ಕಿಂತ ಪ್ರಬಲವಾದುದನ್ನು ತಂದು ಹೊಡೆಯುವ ಸಾಧ್ಯತೆಯಿದೆ. ‘ಇದು ಕಾಯಿಯೊಳಗೆ ಉಳಿಯುತ್ತದೆ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಸರಕೆಲ್ಲ ತಿರಸ್ಕೃತವಾಗುತ್ತದೆ’ ಎಂದು ಕಾರಣಸಹಿತ ವಿವರಿಸಿದರೆ ಮಾತ್ರ ಸಂದೇಶ ಮುಟ್ಟಿದಂತೆ. ಗಿರಾಕಿ ಮತ್ತು ರೈತ ಎಂದೂ ಪರಸ್ಪರ ಭೇಟಿಯಾಗುವುದಿಲ್ಲ. ಇಬ್ಬರ ಹಿತವೂ ದ್ವಿಚಕ್ರ ವಾಹನದಲ್ಲಿ ಹಳ್ಳಿ ಸುತ್ತುವ ಆ ತರುಣನ ನಾಲಗೆಯ ಮೇಲೆ ನಿಂತಿದೆ.

ಗುಲಾಬಿ ಈರುಳ್ಳಿಯ ಕಥೆ ಬೇರೊಂದು ಬಗೆಯದು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಬೆಳೆಯುವ, ಕಡುಗೆಂಪು ಬಣ್ಣದ, ಚಪ್ಪಟೆ ತಳದ ಈ ಚಿಕ್ಕ ಈರುಳ್ಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಇದರ ಮುಖ್ಯ ಗಿರಾಕಿಗಳು ಮಲೇಷ್ಯಾ, ಸಿಂಗಪುರ ಮೊದಲಾದ ದೇಶಗಳವರು. ದೇಶದೊಳಗೆ ಇದಕ್ಕೆ ಬೇಡಿಕೆ ಕಡಿಮೆ. ಆದರೆ ಸರ್ಕಾರದ ಆಜ್ಞೆಯ ಭಾಷೆಯಲ್ಲಿ ಈರುಳ್ಳಿಯೆಂದರೆ ಎಲ್ಲವೂ ಈರುಳ್ಳಿಯೇ. 2019ರ ಸೆಪ್ಟೆಂಬರಿನಲ್ಲಿ ಈರುಳ್ಳಿಯ ರಫ್ತನ್ನು ನಿಷೇಧಿಸಿದಾಗ ಇದರ ರಫ್ತೂ ನಿಂತಿತು. ಅನಂತರ ಅಕ್ಟೋಬರಿನಲ್ಲಿ 9,000 ಟನ್ನಿಗೆ ವಿನಾಯಿತಿ ದೊರೆಯಿತು. 2020ರಲ್ಲಿ ಅದೇ ಕಥೆ ಮರುಕಳಿಸಿ, ಸೆಪ್ಟೆಂಬರಿನ ನಿಷೇಧದ ಬಳಿಕ ಅಕ್ಟೋಬರಿನಲ್ಲಿ 10,000 ಟನ್ನಿಗೆ ಅನುಮತಿ ಬಂದಿತು. 2023ರ ಆಗಸ್ಟಿನಲ್ಲಿ ಶೇ. 40ರ ರಫ್ತು ಸುಂಕ ವಿಧಿಸಿದಾಗಲೂ ಸೆಪ್ಟೆಂಬರಿನ ಕೊನೆಯವರೆಗೆ ಕಾಯಬೇಕಾಯಿತು. ಆಗ ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರವಿದ್ದರೆ ಈ ಈರುಳ್ಳಿಗೆ ಸುಂಕವಿಲ್ಲವೆಂದು ಸ್ಪಷ್ಟಪಡಿಸಲಾಯಿತು. ಮೂರು ಸಲವೂ ರೈತನ ವಾದ ಒಂದೇ: ‘ಇದು ಆ ಈರುಳ್ಳಿಯಲ್ಲ’. ಆ ಸರಳವಾದ ಮಾತು ದೆಹಲಿಯನ್ನು ಮುಟ್ಟಲು ಪ್ರತಿಸಲವೂ ವಾರಗಳೇ ಹಿಡಿದವು. ಕಿತ್ತ ಈರುಳ್ಳಿ ಅಷ್ಟು ದಿನ ಕಾಯುವ ವಸ್ತುವಲ್ಲ.

ರೇಷ್ಮೆ ಕಲಿಸಿದ ಪಾಠ

ಸಂವಹನವು ಸಫಲವಾದ ನಿದರ್ಶನವನ್ನೂ ಇಲ್ಲಿ ಸ್ಮರಿಸುವುದು ಉಚಿತ. ಮಗ್ಗಗಳ ಊರಾದ ದೊಡ್ಡಬಳ್ಳಾಪುರಕ್ಕೂ ರೇಷ್ಮೆಗೂಡಿನ ಸೀಮೆಯಾದ ದೇವನಹಳ್ಳಿ ತಾಲ್ಲೂಕಿನ ವಿಜಯಪುರಕ್ಕೂ ಇದು ನೇರವಾಗಿ ಸಂಬಂಧಿಸಿದುದು. ನಾಡಿನ ಮಿಶ್ರತಳಿಯ ರೇಷ್ಮೆ ನೂಲು ವಿದ್ಯುತ್ ಮಗ್ಗದ ಎಳೆತವನ್ನು ತಾಳಲಾರದೆಂಬ ಕಾರಣದಿಂದ ಬಹುಕಾಲ ಹಾಸಿಗೆ ಚೀನಾದ ನೂಲನ್ನೂ ಹೊಕ್ಕಿಗೆ ಇಲ್ಲಿಯ ನೂಲನ್ನೂ ಬಳಸುವುದು ನೇಕಾರರಲ್ಲಿ ರೂಢಿಯಾಗಿತ್ತು. ಗಟ್ಟಿಯಾದ ನೂಲನ್ನು ಕೊಡುವ ದ್ವಿತಳಿ ಹುಳುಗಳನ್ನು ಉಷ್ಣವಲಯದಲ್ಲಿ ಸಾಕುವುದು ಕಷ್ಟವೆಂಬ ಅಭಿಪ್ರಾಯ ಬಲವಾಗಿತ್ತು. 1991ರಲ್ಲಿ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಮತ್ತು ಕೇಂದ್ರ ರೇಷ್ಮೆ ಮಂಡಳಿಗಳು ಈ ಕಾರ್ಯವನ್ನು ಜೊತೆಯಾಗಿ ಕೈಗೆತ್ತಿಕೊಂಡವು. ಮೂರು ಹಂತಗಳ ಈ ಯೋಜನೆ 2007ರವರೆಗೆ ನಡೆಯಿತು.

ಜಪಾನಿನ ಪದ್ಧತಿಯನ್ನು ಇದ್ದಂತೆಯೇ ಇಲ್ಲಿಗೆ ತಂದು ನೆಡಲು ಸಾಧ್ಯವಿರಲಿಲ್ಲ. ಅಲ್ಲಿಯದು ಸಮಶೀತೋಷ್ಣ ವಲಯದ ಹವೆ. ಇಲ್ಲಿ ವರ್ಷವಿಡೀ ಬೆಳೆ. ವಾಸದ ಮನೆಯಲ್ಲಿಯೇ ಹುಳು ಸಾಕುವುದು ಇಲ್ಲಿಯ ವಾಡಿಕೆ. ಆದುದರಿಂದ ಎರಡೂ ಕಡೆಯವರು ಬದಲಾಗಬೇಕಾಯಿತು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಈ ಹವೆಗೆ ಒಗ್ಗುವ ಸಿಎಸ್‌ಆರ್ 2, ಸಿಎಸ್‌ಆರ್ 4 ಮೊದಲಾದ ದ್ವಿತಳಿಗಳು ಸಿದ್ಧವಾದವು. ರೈತರು ಹುಳುಮನೆಯನ್ನು ವಾಸದ ಮನೆಯಿಂದ ಬೇರ್ಪಡಿಸಿದರು. ಸೋಂಕುನಿವಾರಣೆಯನ್ನು ಶಿಸ್ತಿನಿಂದ ಕಲಿತರು. ಎಲೆ ಬಿಡಿಸಿ ಹಾಕುವ ಬದಲು ರೆಂಬೆಯ ಸಮೇತ ಸೊಪ್ಪು ಕೊಡುವ ಪದ್ಧತಿಯನ್ನು ಅಳವಡಿಸಿಕೊಂಡರು. ಈ ಕಲಿಕೆಯು ಹುಳುಮನೆಯಲ್ಲಿಯೇ, ತಟ್ಟೆ ಚಂದ್ರಿಕೆಗಳ ಮುಂದೆಯೇ, ಮಾಡಿ ತೋರಿಸಿ ಮಾಡಿಸಿ ನೋಡುವುದರಿಂದ ನಡೆಯಿತು. ಕಲಿಸುವವನೂ ಕಲಿಯಲು ಸಿದ್ಧನಾಗಿದ್ದಾಗ ಭಾಷೆಯ ಅಡ್ಡಿ ದೊಡ್ಡದಾಗುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಕಾರ್ಖಾನೆಯ ಒಳಗೆ

ಹೊಲ ಮತ್ತು ಹುಳುಮನೆಗಳಲ್ಲಿ ರೈತನು ತನ್ನ ನೆಲದ ಮೇಲೆ ತಾನೇ ನಿಂತು ಮಾತನಾಡುತ್ತಾನೆ. ಕಾರ್ಖಾನೆಯಲ್ಲಿ ಹಾಗಲ್ಲ, ಅಲ್ಲಿ ನೆಲವೂ ನಿಯಮವೂ ಬೇರೆಯವರವು. ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು 1997ರಲ್ಲಿ ಸ್ಥಾಪಿತವಾಗಿ 1999ರ ಡಿಸೆಂಬರಿನಲ್ಲಿ ವಾಹನಗಳ ಉತ್ಪಾದನೆಯನ್ನು ಆರಂಭಿಸಿತು. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಬಿಡದಿಯೂ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿತ್ತು. ಟೊಯೋಟ ಪದ್ಧತಿಯ ಒಂದು ಮೂಲ ನಿಯಮವೆಂದರೆ, ದೋಷವನ್ನು ಕಂಡ ಸಾಮಾನ್ಯ ಕೆಲಸಗಾರನೂ ಹಗ್ಗವನ್ನೆಳೆದು ಸಹಾಯವನ್ನು ಕರೆಯಬೇಕು. ಅಗತ್ಯವಾದರೆ ಇಡೀ ಸರಣಿಯೇ ನಿಲ್ಲಬೇಕು. ದೋಷವನ್ನು ಮುಚ್ಚಿಡುವುದೇ ಅಲ್ಲಿ ಅಪರಾಧ. ತಪ್ಪು ಒಪ್ಪಿಕೊಂಡರೆ ಬೈಗಳು, ಬೆತ್ತ ಎಂಬ ಭಯದಲ್ಲಿ ಬೆಳೆದ ಬಾಲಕ ಅಂಥ ಹಗ್ಗಕ್ಕೆ ಕೈಹಾಕಲು ಎಷ್ಟು ಹಿಂಜರಿಯುವನೆಂಬುದನ್ನು ಶಿಕ್ಷಕರು ಸುಲಭವಾಗಿ ಊಹಿಸಬಲ್ಲರು.

ಅಲ್ಲಿಯೂ ಘರ್ಷಣೆಗಳು ತಪ್ಪಲಿಲ್ಲ. 2006ರ ಜನವರಿಯಲ್ಲಿ ಮೂವರು ಕಾರ್ಮಿಕರ ವಜಾ ಪ್ರಕರಣದಿಂದ ಮುಷ್ಕರ ಮತ್ತು ಬೀಗಮುದ್ರೆ ನಡೆದು ಸುಮಾರು ಎರಡು ವಾರ ಬಿಕ್ಕಟ್ಟು ಮುಂದುವರಿಯಿತು. 2020ರ ನವೆಂಬರಿನಲ್ಲಿ ಕೆಲಸದ ಒತ್ತಡದ ಬಗೆಗಿನ ದೂರು ಮತ್ತು ಒಬ್ಬ ಕಾರ್ಮಿಕನ ಅಮಾನತಿನ ಹಿನ್ನೆಲೆಯಲ್ಲಿ ಆರಂಭವಾದ ಬಿಕ್ಕಟ್ಟು 2021ರವರೆಗೂ ಚಾಚಿತು. ಇವುಗಳ ನಡುವೆ 2007ರಲ್ಲಿ ಸಂಸ್ಥೆಯು ಹತ್ತನೆಯ ತರಗತಿ ಮುಗಿಸಿದ ಬಡ ಗ್ರಾಮೀಣ ವಿದ್ಯಾರ್ಥಿಗಳಿಗಾಗಿ ಮೂರು ವರ್ಷಗಳ ವಸತಿಸಹಿತ ತಾಂತ್ರಿಕ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಕೈಕೆಲಸದ ಜೊತೆಗೆ ನಡವಳಿಕೆಯ ಶಿಕ್ಷಣಕ್ಕೂ ಅಲ್ಲಿ ಸ್ಥಾನವಿರುವುದು ಗಮನಾರ್ಹ.

ಹೊಸಕೋಟೆಯಿಂದ ಕೋಲಾರದ ಕಡೆಗೆ ಹೋಗುವ ದಾರಿಯಲ್ಲಿರುವ ನರಸಾಪುರದ ಘಟನೆ ಇನ್ನೂ ಗಂಭೀರವಾದುದು. ತೈವಾನಿನ ವಿಸ್ಟ್ರಾನ್ ಸಂಸ್ಥೆಯ ಐಫೋನ್ ಜೋಡಣೆಯ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ವೇತನದ ದೂರಿನಿಂದ ಭುಗಿಲೆದ್ದ ಆಕ್ರೋಶ ದಾಂಧಲೆಯಲ್ಲಿ ಕೊನೆಗೊಂಡಿತು. ಬಳಿಕ ನಡೆದ ಸರ್ಕಾರಿ ಪರಿಶೀಲನೆಯಲ್ಲಿ ಹಲವು ಸಂಗತಿಗಳು ಹೊರಬಿದ್ದವು. ಕಾರ್ಮಿಕರ ಸಂಖ್ಯೆ ಅಲ್ಪಕಾಲದಲ್ಲಿ 5,000ದಿಂದ 10,500ಕ್ಕೆ ಏರಿತ್ತು. ಅದಕ್ಕೆ ತಕ್ಕ ಸಿಬ್ಬಂದಿ ವಿಭಾಗವಿರಲಿಲ್ಲ. ಎಂಟು ಗಂಟೆಗಳ ಪಾಳಿ ಹನ್ನೆರಡು ಗಂಟೆಗಳಿಗೆ ಬದಲಾಗಿತ್ತು. ಹಾಜರಿಯನ್ನು ದಾಖಲಿಸುವ ವ್ಯವಸ್ಥೆಯಲ್ಲಿ ದೋಷವಿತ್ತು. ಸಂಸ್ಥೆಯು ಕೆಲವರಿಗೆ ವೇತನ ಸರಿಯಾಗಿ, ಸಕಾಲದಲ್ಲಿ ಸಂದಿರಲಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೋರಿತು. ಭಾರತದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷನನ್ನು ಸ್ಥಾನದಿಂದ ತೆಗೆಯಿತು. ಆಪಲ್ ಸಂಸ್ಥೆಯು ಹೊಸ ಕೆಲಸವನ್ನು ಕೊಡದೆ ತಡೆಹಿಡಿಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು.

ಈ ಪ್ರಸಂಗದಿಂದ ಎರಡು ಪಾಠಗಳನ್ನು ಕಲಿಯಬೇಕಾಗಿದೆ. ಸಲ್ಲಬೇಕಾದ ಕೂಲಿ ಸಲ್ಲದಿರುವುದು ಸಂಸ್ಕೃತಿಭೇದವಲ್ಲ; ಅದು ಅನ್ಯಾಯ. ಎಲ್ಲ ಜಗಳಗಳನ್ನೂ ‘ಪರಸ್ಪರ ಅಪಾರ್ಥ’ವೆಂಬ ಹೆಸರಿನಿಂದ ಮುಚ್ಚಿಡುವುದು ಸತ್ಯಕ್ಕೆ ದೂರವಾದುದು. ಇದು ಮೊದಲನೆಯದು. ಎರಡನೆಯದು, ಆ ಅನ್ಯಾಯದ ದೂರು ಅಧಿಕಾರವುಳ್ಳವರ ಕಿವಿಯನ್ನು ಸಕಾಲದಲ್ಲಿ ತಲುಪಲಿಲ್ಲ. ಕಾರ್ಮಿಕ ಮತ್ತು ಮಾಲೀಕರ ನಡುವೆ ಹಲವು ಗುತ್ತಿಗೆ ಸಂಸ್ಥೆಗಳಿದ್ದವು; ದೂರು ಯಾರ ಬಳಿಗೆ ಹೋಗಬೇಕೆಂಬುದೇ ಅಸ್ಪಷ್ಟವಾಗಿತ್ತು. ಘಟನೆಯ ಬಳಿಕ ಸಂಸ್ಥೆಯು ಕೈಗೊಂಡ ಕ್ರಮಗಳಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ದಿನದ 24 ಗಂಟೆಯೂ ದೂರು ಕೇಳುವ ದೂರವಾಣಿಯ ವ್ಯವಸ್ಥೆಯೂ ಒಂದು. ಕನ್ನಡದಲ್ಲಿ ದೂರು ಹೇಳಿಕೊಳ್ಳುವ ದಾರಿಯೊಂದು ದಾಂಧಲೆಯ ಅನಂತರ ತೆರೆಯಿತು. ಅದು ಮೊದಲೇ ತೆರೆದಿರಬೇಕಾಗಿತ್ತು.

ನಡುವೆ ನಿಂತವರ ಹೊಣೆ

ಮೇಲಿನ ನಿದರ್ಶನಗಳನ್ನೆಲ್ಲ ಒಟ್ಟಾಗಿ ನೋಡಿದರೆ ಒಂದು ಪಾತ್ರ ಎಲ್ಲೆಡೆಯೂ ಕಾಣಿಸಿಕೊಳ್ಳುತ್ತದೆ. ಮಿಡಿಸೌತೆಯ ಹೊಲದಲ್ಲಿ ಅವನು ಕ್ಷೇತ್ರ ಸಹಾಯಕ. ಹುಳುಮನೆಯಲ್ಲಿ ರೇಷ್ಮೆ ಇಲಾಖೆಯ ನೌಕರ. ಕಾರ್ಖಾನೆಯಲ್ಲಿ ಮೇಲ್ವಿಚಾರಕ, ಇಲ್ಲವೆ ಗುತ್ತಿಗೆದಾರನ ಗುಮಾಸ್ತ. ಅವನು ಹೊರದೇಶದ ಮಾಲೀಕನೂ ಅಲ್ಲ, ಕೆಳಗಿನ ಕೂಲಿಯೂ ಅಲ್ಲ. ಮಾತು ಕೈಬದಲಾಗುವುದು ಅವನ ಬಳಿಯೇ. ಮೇಲಿನವರ ಆದೇಶವನ್ನು ಅವನು ಕಾರಣವಿಲ್ಲದ ಅಪ್ಪಣೆಯನ್ನಾಗಿ ಕೆಳಕ್ಕೆ ಇಳಿಸಬಲ್ಲನು. ಕೆಳಗಿನವರ ಅಳಲನ್ನು ‘ಎಲ್ಲವೂ ಸರಿಯಾಗಿದೆ’ ಎಂಬ ವರದಿಯನ್ನಾಗಿ ಮೇಲಕ್ಕೆ ಏರಿಸಬಲ್ಲನು. ಹಾಗೆಯೇ ಇಬ್ಬರಿಗೂ ಇದ್ದುದನ್ನು ಇದ್ದಂತೆ ತಿಳಿಸಿ ಇಬ್ಬರನ್ನೂ ಉಳಿಸಬಲ್ಲನು.

ಇಂಥ ಸ್ಥಾನಗಳಿಗೆ ಹೋಗುವವರು ಯಾರು? ಹಳ್ಳಿಯಲ್ಲಿ ಹುಟ್ಟಿ, ಕನ್ನಡದಲ್ಲಿ ಓದಿ, ಇಂಗ್ಲಿಷನ್ನು ಕಲಿತು, ಐಟಿಐ, ಡಿಪ್ಲೊಮಾ ಇಲ್ಲವೆ ಪದವಿಯನ್ನು ಪಡೆದ ಈ ಬಗೆಯ ಶಾಲೆಗಳ ಹಳೆಯ ವಿದ್ಯಾರ್ಥಿಗಳೇ. ಆದುದರಿಂದ ಅವರನ್ನು ಸಿದ್ಧಗೊಳಿಸುವ ಹೊಣೆ ಪ್ರೌಢಶಾಲೆಯಿಂದಲೇ ಆರಂಭವಾಗಬೇಕು. ಅದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಾಗಿಲ್ಲ. ಕೇಳಿದ ಸೂಚನೆಯನ್ನು ತನ್ನ ಮಾತಿನಲ್ಲಿ ಮರಳಿ ಹೇಳುವ ಅಭ್ಯಾಸವನ್ನು ಪ್ರತಿ ತರಗತಿಯಲ್ಲಿಯೂ ಮಾಡಿಸಬಹುದು, ‘ತಿಳಿಯಿತೇ?’ ಎಂದು ಕೇಳಿದರೆ ಎಲ್ಲ ಮಕ್ಕಳೂ ‘ಹೂಂ’ ಎನ್ನುತ್ತಾರೆ, ‘ಏನು ತಿಳಿಯಿತು?’ ಎಂದು ಕೇಳಿದಾಗಲೇ ನಿಜ ಹೊರಬೀಳುತ್ತದೆ. ವಿನಯವನ್ನು ಬಿಡದೆ ‘ಇಲ್ಲ, ಇದು ಸಾಧ್ಯವಿಲ್ಲ’ ಎಂದು ಬರೆಯುವ ಪತ್ರಲೇಖನವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕಲಿಸಬಹುದು. ಲಕ್ಷವನ್ನು ಮಿಲಿಯನ್ನಿಗೆ ಪರಿವರ್ತಿಸುವುದನ್ನೂ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುವುದನ್ನೂ ಗಣಿತದ ತರಗತಿಯಲ್ಲಿಯೇ ರೂಢಿಸಬಹುದು. ಎಲ್ಲಕ್ಕೂ ಮಿಗಿಲಾಗಿ, ತಾನು ಮಾಡಿದ ತಪ್ಪನ್ನು ತಾನೇ ಬಂದು ಹೇಳಿದ ವಿದ್ಯಾರ್ಥಿಯನ್ನು ಶಿಕ್ಷಿಸದೆ ಮೆಚ್ಚುವ ಪದ್ಧತಿ ಶಾಲೆಯಲ್ಲಿದ್ದರೆ, ನಾಳೆ ಅವನು ಕಾರ್ಖಾನೆಯಲ್ಲಿ ಹಗ್ಗವನ್ನೆಳೆಯಲು ಅಂಜುವುದಿಲ್ಲ.

ಈ ಶಿಕ್ಷಣಕ್ಕೆ ಮಠಗಳ ಶಾಲೆಗಳಲ್ಲಿ ಒಂದು ಸಹಜವಾದ ಅನುಕೂಲವಿದೆ. ಪ್ರಸಾದನಿಲಯದ ಒಂದೇ ಪಂಕ್ತಿಯಲ್ಲಿ ಕಲಬುರಗಿಯ ಬಾಲಕನೂ ನೆಲಮಂಗಲದ ಬಾಲಕನೂ ಊಟಕ್ಕೆ ಕುಳಿತುಕೊಳ್ಳುತ್ತಾರೆ. ಮೊದಲ ತಿಂಗಳು ಒಬ್ಬನಿಗೆ ಇನ್ನೊಬ್ಬನ ಕನ್ನಡ ಒರಟೆಂದೋ ಕೃತಕವೆಂದೋ ತೋರುತ್ತದೆ. ಒಬ್ಬನಿಗೆ ರೊಟ್ಟಿಯಿಲ್ಲದೆ ಊಟವಿಲ್ಲ, ಇನ್ನೊಬ್ಬನಿಗೆ ಮುದ್ದೆಯಿಲ್ಲದೆ ತೃಪ್ತಿಯಿಲ್ಲ. ವರ್ಷ ತುಂಬುವುದರೊಳಗೆ ಇಬ್ಬರೂ ಪರಸ್ಪರರ ನುಡಿಯನ್ನು ಅರಿತು ನಗುತ್ತಿರುತ್ತಾರೆ. ಸ್ಟಾಕ್‌ಹೋಮಿನವನನ್ನೋ ತೈಪೆಯವನನ್ನೋ ಅರಿಯುವ ವಿದ್ಯೆ ಇದಕ್ಕಿಂತ ಬೇರೆಯಾದುದಲ್ಲ. ಅದರ ಮೊದಲ ಪಾಠ ಇಲ್ಲಿಯೇ ನಡೆದಿರುತ್ತದೆ.

ದೇವನಹಳ್ಳಿಯ ಹೊಸ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರುತ್ತಿರುವವರಲ್ಲಿ ಮೊದಲ ಬಾರಿಗೆ ಮನೆಬಿಟ್ಟು ಬಂದ ತರುಣಿಯರು ಬಹುಸಂಖ್ಯೆಯಲ್ಲಿದ್ದಾರೆ. ಅವರ ವೇತನದ ಚೀಟಿಯನ್ನು ಅವರಿಗೆ ಓದಿ ತಿಳಿಸುವವರು, ಅವರ ದೂರನ್ನು ಕೇಳಿ ಮೇಲಕ್ಕೆ ಮುಟ್ಟಿಸುವವರು, ಹೊರದೇಶದ ತಂತ್ರಜ್ಞನ ಅವಸರವನ್ನು ಅವರಿಗೆ ಅರ್ಥಮಾಡಿಸುವವರು ಬೇಕಾಗಿದ್ದಾರೆ. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗಾಗಲೇ ಇಂಥ ಸ್ಥಾನಗಳಲ್ಲಿದ್ದಾರೆ. ಅವರು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಬಂದು ತಮ್ಮ ಅನುಭವವನ್ನು, ತಾವು ಎಡವಿದ ಪ್ರಸಂಗಗಳ ಸಮೇತ, ಮಕ್ಕಳಿಗೆ ಹೇಳಿದರೆ ಅದಕ್ಕಿಂತ ಉತ್ತಮವಾದ ಪಠ್ಯವಿಲ್ಲ. ದಾನಿಗಳು ಕಟ್ಟಿಸಿಕೊಟ್ಟ ಕೊಠಡಿಗಳಲ್ಲಿ ಕುಳಿತು ಅದನ್ನು ಕೇಳುವ ಮಕ್ಕಳು ನಾಳೆ ಎರಡು ಲೋಕಗಳ ನಡುವೆ ನಿಲ್ಲುವವರಾಗಿದ್ದಾರೆ. ಎರಡೂ ಕಡೆಯವರು ನಂಬಬಹುದಾದಂತೆ ಅವರು ನಿಲ್ಲಲಿ ಎಂದು ಹಾರೈಸುವುದು ಮಾತ್ರವಲ್ಲದೆ, ಅದಕ್ಕೆ ತಕ್ಕ ಅಭ್ಯಾಸವನ್ನು ಇಂದಿನಿಂದಲೇ ಮಾಡಿಸುವುದು ಹಿರಿಯರೆಲ್ಲರ ಕರ್ತವ್ಯ.